ಸುಲಿಯದ ತೊಗಟೆ

ಅಡುಗೆಮನೆಯ ಮೇಜಿನಿಂದ
ಜೂನ್ ಹದಿನಾಲ್ಕು, ಗುರುವಾರ

ಪ್ರೀತಿಯ ಹಡಗಿನವರೇ,

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವಾ? ಎಣ್ಣೆ ಕೈಯಲ್ಲಿ ಕೆರೆದುಕೊಳ್ಳಬೇಡಿ. ಹೇಳಿದರೆ ಕೇಳುವವರಲ್ಲ ನೀವು, ಆದರೂ ಹೇಳುತ್ತೇನೆ. ನಾನೂ ಅತ್ತೆಯೂ ಚೆನ್ನಾಗಿದ್ದೇವೆ ಎಂದು ಬರೆಯಬೇಕಿತ್ತು. ಆದರೆ ಈ ವಾರ ತಟ್ಟೆಯ ಮುಂದೆ ಕೂತರೆ ಇಬ್ಬರೂ ಅನ್ನ ಕೆದಕಿ ನೋಡಿಯೇ ತುತ್ತೆತ್ತುತ್ತೇವೆ.

ಇರುವ ಒಂದೇ ಮಲಗುವ ಕೋಣೆ ಸಾಲದೆಂದು ಹಿತ್ತಿಲಲ್ಲಿ ಅತ್ತೆಗೊಂದು ಕೋಣೆ ಕಟ್ಟುವ ವಿಷಯ ಬರೆದಿದ್ದೆನಲ್ಲ. ಮರದ ಮಿಲ್ಲಿನವರು ಎಸೆಯುವ ಗೇಣುದ್ದದ ತುಂಡುಗಳನ್ನು ಅಡ್ಡಡ್ಡ ಪೇರಿಸಿ, ನಡುವೆ ಹುಲ್ಲು ಕಲಸಿದ ಜೇಡಿಮಣ್ಣು ತುಂಬಿ ಎಬ್ಬಿಸುವ ಗೋಡೆ. ನಲವತ್ತು ವರ್ಷ ಮಡಕೆ ಮಾಡಿದ ನಿಮ್ಮಮ್ಮನಿಗೆ ಮಣ್ಣಿನ ಪಾಠ ಯಾರು ಹೇಳಬೇಕು? ಅಂಗೈಯಲ್ಲಿ ಹೊಸೆದು ನೋಡಿ, "ಇನ್ನೆರಡು ಬುಟ್ಟಿ ಮರಳು ಕುಡಿಯುತ್ತೆ ಇದು" ಅಂದು ತಾವೇ ತುಳಿಯಲು ಇಳಿಯುತ್ತಿದ್ದರು. ಹಾಗೆ ಎದ್ದ ಮೊದಲ ಗೋಡೆ ಇವತ್ತಿಗೂ ಬಂಡೆಯಂತಿದೆ.

ಅಷ್ಟರಲ್ಲಿ ನಿಮ್ಮ ತಮ್ಮ ಕೆಲಸ ಬಿಟ್ಟು ಬಂದು ಮೇಸ್ತ್ರಿಯಾದ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇವನ ಕೈಗೆ ಕೆಸರೇ ಇಲ್ಲ, ಬಾಯಿ ತುಂಬ ಮೊಸರು. ತೊಗಟೆ ಸುಲಿದು ಒಣಗಿಸಿದ ತುಂಡು ಮಾತ್ರ ಇಡಬೇಕು ಅಂತ ಅತ್ತೆ ಅಂದರೆ, "ತೊಗಟೆ ಇದ್ರೇನೇ ಚೆಂದ ಕಣಮ್ಮಾ, ಕಾಡಿನ ಕಳೆ ಬರುತ್ತೆ" ಅಂದ. ಹಸಿ ತುಂಡುಗಳು ಬಂದವು. ಎರಡೇ ವಾರದಲ್ಲಿ ಮಿಕ್ಕ ಮೂರು ಗೋಡೆ ಎದ್ದವು, ಮಾಡು ಕೂತಿತು, ಅತ್ತೆಯ ಮಂಚ ಹೋಯಿತು. ಭಾನುವಾರ ಬಂತೆಂದರೆ ನೋಡಲು ಜನ. ಇವನು ತುಂಡುಗಳನ್ನು ಸವರುತ್ತಾ, "ಈ ಗೋಡೆ ಉಸಿರಾಡುತ್ತೆ" ಅಂತ ಭಾಷಣ ಬಿಗಿಯುತ್ತಿದ್ದ.

ಉಸಿರಾಡುತ್ತಿದ್ದದ್ದು ತೊಗಟೆಯಡಿಯ ಹುಳಗಳು. ಬೆಳ್ಳಗೆ, ಮೆತ್ತಗೆ, ಕಿರುಬೆರಳ ಗಾತ್ರ. ಜೊತೆಗೆ ಒಣಗದ ಮಣ್ಣಿನೊಳಗೆ ಕೊಳೆತ ಹುಲ್ಲಿನ ನಾತ. ಹೊದಿಕೆ ಬದಲಿಸಲು ಹೋದವಳು ಅತ್ತೆಯ ದಿಂಬಿನ ಮೇಲೆ ಕೈಯೂರಿದೆ, ಏನೋ ಪಿಚಕ್ಕೆಂದಿತು. ಎಷ್ಟು ಸೋಪು ಹಚ್ಚಿದರೂ ಆ ಕೈ ನನ್ನದು ಅನ್ನಿಸಲಿಲ್ಲ. ಮಂಚದ ಕೆಳಗೊಂದು ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ ಗಿಜಿಗಿಜಿ ಅದೇ. ಅತ್ತೆ ಹದಿನೈದು ದಿನದಿಂದ ನಮಗೆ ಗೊತ್ತಾಗದ ಹಾಗೆ ಆರಿಸಿ ಹೊರಗೆ ಚೆಲ್ಲುತ್ತಿದ್ದರಂತೆ. "ನಾಲ್ಕು ಜನರ ಮುಂದೆ ಅವನ ತಲೆ ತಗ್ಗಬಾರದಲ್ಲ" ಅಂದರು. ಡಬ್ಬಿಯನ್ನು ಮೈದುನನ ಮುಂದಿಟ್ಟೆ. "ಪ್ರಕೃತಿ ಅಂದ್ಮೇಲೆ ಹುಳ ಇರಲ್ವಾ ಅತ್ತಿಗೆ? ಮೇಲೊಂದು ಕೈ ಬಣ್ಣ ಹೊಡೆದರಾಯ್ತು" ಅಂದ. ಅಲ್ಲಿ ಮಲಗುವವನು ಅವನಲ್ಲವಲ್ಲ.

ಮೊನ್ನೆ ಭಾನುವಾರ ಬಂದವರಲ್ಲಿ ಒಬ್ಬಾಕೆ ತುಂಬು ಬಸುರಿ. ಹುಟ್ಟುವ ಮಗುವಿಗೆ ಇಂಥದ್ದೇ ಕೋಣೆ ಕಟ್ಟಿಸುತ್ತೇನೆ ಅಂದಳು. ಅತ್ತೆ ಮುಂದೆ ಬಂದು, "ನನ್ನ ಮಗ ಹೇಳಿದ್ದು ಕೇಳಿದ್ರಿ. ಈಗೊಂದು ನಿಮಿಷ ಸುಮ್ಮನಿದ್ದು ಗೋಡೆಗೆ ಕಿವಿ ಇಡಿ" ಅಂದರು. ಎಲ್ಲರೂ ಇಟ್ಟರು. ಕರ್ ಕರ್ ಎಂದು ಮೂರೂ ಗೋಡೆಗಳು ಒಳಗೊಳಗೇ ಮೇಯುತ್ತಿದ್ದವು. ಐದು ನಿಮಿಷದಲ್ಲಿ ಹಿತ್ತಿಲು ಖಾಲಿ.

ಅಂದಿನಿಂದ ನಿಮ್ಮ ತಮ್ಮ ಗೆಳೆಯನ ಮನೆಯಲ್ಲಿದ್ದಾನೆ. ಮಾಡು ಇಳಿಸಿ ಮೂರೂ ಗೋಡೆ ನಾವಿಬ್ಬರೇ ಕೆಡವಿದೆವು, ಮರ ಒಲೆಗೆ ಹೋಗುತ್ತಿದೆ. ಅತ್ತೆ ಮತ್ತೆ ನನ್ನ ಪಕ್ಕದಲ್ಲೇ ಮಲಗುತ್ತಾರೆ. ಹೊಸ ತುಂಡುಗಳ ತೊಗಟೆ ಸುಲಿಯುತ್ತಿದ್ದೇವೆ. ಅವು ಒಣಗಲು ಇನ್ನೊಂದು ಬೇಸಿಗೆ ಕಳೆಯಬೇಕು.

ನಿಮ್ಮಮ್ಮ ತಲೆ ಸವರಿದರೆಂದು ತಿಳಿಯಿರಿ. ಮೈ ಜೋಪಾನ.

ನಿಮ್ಮ ಮನೆಯವಳು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಹಸಿ ತುಂಡು ಬಂದ ದಿನ ಅತ್ತೆ ನನ್ನ ಮುಖ ನೋಡಿದ್ದರು. ನಾನೊಂದು ಮಾತು ಅಂದಿದ್ದರೆ ಅವನು ನಿಲ್ಲಿಸುತ್ತಿದ್ದ. ಅನ್ನಲಿಲ್ಲ. ಬೇಗ ಮುಗಿದರೆ ಅವರ ಹಾಸಿಗೆ ನಮ್ಮ ಕೋಣೆಯಿಂದ ಆಚೆ ಹೋಗುತ್ತಲ್ಲ ಅಂತ. ಹುಳಕ್ಕಿಂತ ನನಗೆ ಈಗ ಅದೇ ಹೇಸಿಗೆ. ನೀವು ಬರುವವರೆಗೆ ಇದನ್ನು ಇಟ್ಟುಕೊಳ್ಳಲಾರೆ, ನಾಳೆ ಅವರಿಗೆ ಹೇಳುತ್ತೇನೆ.