ಹೂಳುಸೀಮೆಯವರು ತಮ್ಮ ವಿರುದ್ಧ ತಾವೇ ಕೈ ಎತ್ತಿದ್ದು

ಕಟ್ಟೆ ತುಂಬದ ನೂರಾ ಹನ್ನೊಂದನೆಯ ವರ್ಷ
ಎರಡನೆಯ ಆಷಾಢ, ಮೂವತ್ತೈದನೆಯ ದಿನ

ತುಂಬಿದ ಕಟ್ಟೆಯನ್ನು ಇನ್ನೂ ಕಣ್ಣಾರೆ ನೋಡುತ್ತಿರುವ ನಿಮಗೆ,

ಮೇಲಿನ ತಾರೀಖು ನೋಡಿ ಇದನ್ನು ಬರೆದವಳಿಗೆ ಎಣಿಕೆ ಬಾರದು ಎಂದುಕೊಳ್ಳಬೇಡಿ. ನಮ್ಮಲ್ಲಿ ಮಳೆ ತಾನಾಗಿ ಹೊರಡುವವರೆಗೆ ಆಷಾಢ ಮುಗಿಯುವುದಿಲ್ಲ. ಒಂದು ಸಾಲದಿದ್ದರೆ ಇನ್ನೊಂದನ್ನು ಸೇರಿಸಿಕೊಳ್ಳುತ್ತೇವೆ. ವರ್ಷಗಳನ್ನು ಎಣಿಸುವುದು ತುಂಗಭದ್ರೆಯ ಕಟ್ಟೆ ಕೊನೆಯ ಸಲ ತುಂಬಿದ ದಿನದಿಂದ. ನನ್ನ ಮಾತಿನ ರೀತಿಗೂ ಕ್ಷಮೆ ಇರಲಿ. ನನಗೆ ಶಾಲೆ ಇರಲಿಲ್ಲ. ಕಟ್ಟೆಯ ಗೋಡೆಯ ಬಿರುಕಿನಲ್ಲಿ ಯಾರೋ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತುರುಕಿದ್ದ ನಿಮ್ಮ ಕಾಲದ ಕರಪತ್ರಗಳೇ ನನ್ನ ಅಕ್ಷರಮಾಲೆ. ಬಸ್ ದರ ಏರಿಕೆಯ ವಿರುದ್ಧ ಒಂದು, ಹಾಸ್ಟೆಲ್ ಅನ್ನದ ಹುಳುಗಳ ವಿರುದ್ಧ ಒಂದು, ಪುರಸಭೆಯ ನಲ್ಲಿಯ ವಿರುದ್ಧ ಮೂರು. ಎಲ್ಲ ವಾಕ್ಯಗಳೂ ಉದ್ಗಾರ ಚಿಹ್ನೆಯಲ್ಲೇ ಮುಗಿಯಬೇಕೆಂದು ನಾನು ಬಹಳ ದಿನ ನಂಬಿದ್ದೆ. "ಸುಂಕಮ್ಮ ಉಪ್ಪಿನಕಾಯಿ ಕೇಳಿದ್ರೂ ಹೋರಾಟಕ್ಕ ಕರದಂಗ ಕೇಳ್ತಾಳ" ಎಂದು ಓಣಿಯವರು ನಗುತ್ತಾರೆ. ಆ ಸುಂಕಮ್ಮ ನಾನೇ. ನನಗೀಗ ಇಪ್ಪತ್ತು.

ನಾವಿರುವುದು ಕಟ್ಟೆಯ ಹೊಟ್ಟೆಯೊಳಗೆ. ನೀವು ನೀರು ನೋಡುತ್ತಿರುವ ಜಾಗದಲ್ಲಿ ಈಗ ಹೂಳು ತುಂಬಿದೆ. ಅದರ ಮೇಲೆ ನಲವತ್ತು ಸಾವಿರ ಜನ ಜೋಳ, ಈರುಳ್ಳಿ, ಕಲ್ಲಂಗಡಿ ಬೆಳೆದುಕೊಂಡು ಬದುಕಿದ್ದೇವೆ. ಹೊಳೆ ಪ್ರತಿ ಮಳೆಗಾಲವೂ ಹೊಸ ದಾರಿ ಹಿಡಿಯುತ್ತದೆ. ಆದ್ದರಿಂದ ನಮ್ಮ ಮನೆಗಳಿಗೆ ಬುನಾದಿ ಇಲ್ಲ, ಅಡಿಯಲ್ಲಿ ಎರಡು ಉದ್ದನೆಯ ದಿಮ್ಮಿಗಳಿವೆ. ಅವಕ್ಕೆ ಜಾರುಮನೆ ಎನ್ನುತ್ತೇವೆ. ನೀರು ಹತ್ತಿರ ಬಂದಾಗ ಎಮ್ಮೆ ಕಟ್ಟಿ, ಒಲೆಯ ಕೆಂಡ ಆರದಂತೆ ಮಡಕೆಯಲ್ಲಿ ಮುಚ್ಚಿಕೊಂಡು, ಮನೆಯನ್ನೇ ಎಳೆದುಕೊಂಡು ಹೋಗುತ್ತೇವೆ. ಹಸಿ ಹೂಳಿನ ಮೇಲೆ ನಡೆಯಲು ಕಾಲಿಗೆ ಅಗಲವಾದ ಹಲಗೆಮೆಟ್ಟು ಬೇಕು. ಇಲ್ಲದಿದ್ದರೆ ಮೊಣಕಾಲಿನವರೆಗೆ ಇಳಿಯುತ್ತೀರಿ. ಕಳೆದ ವರ್ಷ ನಮ್ಮ ಪಕ್ಕದಲ್ಲಿದ್ದ ಮನೆ ಈ ವರ್ಷ ಎಲ್ಲಿದೆಯೆಂದು ಹೊಗೆ ನೋಡಿ ಗುರುತಿಸಬೇಕು. ಹಾಗಾಗಿ ನಮ್ಮಲ್ಲಿ ಯಾರಿಗೂ ವಿಳಾಸವಿಲ್ಲ. ಅದು ಒಂದು ಕೊರತೆಯೆಂದು ನಮಗೆ ಈ ಚುನಾವಣೆಯವರೆಗೆ ಅನ್ನಿಸಿರಲಿಲ್ಲ.

ನಿಮ್ಮ ದೇಶದ ಈ ಭಾಗ ಈಗ ಏಳು ನದಿಗಳ ಒಕ್ಕೂಟ. ಐದು ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಒಬ್ಬ ಅಧ್ಯಕ್ಷರನ್ನು ಆರಿಸುತ್ತೇವೆ. ನದಿಗಳ ವಿಷಯದಲ್ಲಿ ಅವರ ಮಾತೇ ಕೊನೆ. ಈ ಸಲದ ಚುನಾವಣೆಯಲ್ಲಿ ಒಂದೇ ಪ್ರಶ್ನೆ ಇತ್ತು: ಕಟ್ಟೆಯನ್ನು ಒಡೆಯಬೇಕೇ, ಬಿಡಬೇಕೇ. ಒಡೆದರೆ ಕೆಳಗಿನ ಪಟ್ಟಣಗಳಿಗೆ ನೀರೂ ಮಣ್ಣೂ ಸಿಗುತ್ತವೆ. ನಮ್ಮ ನೆಲವೆಲ್ಲ ಒಂದು ಮಳೆಗಾಲದಲ್ಲಿ ತೊಳೆದು ಹೋಗುತ್ತದೆ. ಕೋಟೆ ಪಕ್ಷದವರು ಒಡೆಯುವುದೆಂದು ಮೊದಲೇ ಸಾರಿದ್ದರು. ನಮ್ಮದು ದಂಡೆ ಪಕ್ಷ. ಅದನ್ನು ಕಟ್ಟಿದವರು ಹೂಳುಸೀಮೆಯವರೇ. ಆಮೇಲೆ ದಂಡೆಪಟ್ಟಣದವರು, ಅಂದರೆ ಕಟ್ಟೆಯ ಕೆಳಗೆ ಗಟ್ಟಿ ನೆಲದ ಮೇಲೆ ಕಲ್ಲುಮನೆ ಇರುವವರು, ಬಂದು ಸೇರಿಕೊಂಡರು. ನಮ್ಮ ಪಕ್ಷದ ಪರವಾಗಿ ಅಧ್ಯಕ್ಷ ಸ್ಥಾನಕ್ಕೆ ಯಾರು ನಿಲ್ಲಬೇಕೆಂದು ಮೊದಲು ನಮ್ಮೊಳಗೇ ಮತ ಹಾಕಿ ತೀರ್ಮಾನಿಸುತ್ತೇವೆ. ಅದಕ್ಕೆ ಒಳಮತ ಎಂದು ಹೆಸರು. ಈ ಸಲ ಒಳಮತಕ್ಕೆ ನಿಂತವರಲ್ಲಿ ಗಾದಿಲಿಂಗಮ್ಮ ನಮ್ಮವಳು. ಜಾರುಮನೆಯಲ್ಲಿ ಹುಟ್ಟಿದವಳು, ಕಟ್ಟೆ ಉಳಿಯಬೇಕೆಂದವಳು ಅವಳೊಬ್ಬಳೇ. ಹೂಳುಸೀಮೆಯವರೆಲ್ಲ ಮತ ಹಾಕಿದರೆ ಅವಳು ಗೆಲ್ಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆಗ ಪಕ್ಷದ ಹಿರಿಯರಾದ ಪಂಪನಗೌಡರು ಒಂದು ನಿಯಮ ತಂದರು. ಮೂರು ಮಳೆಗಾಲ ಒಂದೇ ಜಾಗದಲ್ಲಿ ನಿಂತ ಮನೆಯವರಿಗೆ ಮಾತ್ರ ಒಳಮತದ ಹಕ್ಕು. ಅಂದರೆ ಹೂಳಿನವರಲ್ಲಿ ಯಾರಿಗೂ ಇಲ್ಲ. ನಿಮ್ಮ ಕರಪತ್ರಗಳಲ್ಲಿ ಇಂಥವರನ್ನು ದ್ರೋಹಿ ಎಂದು ಕರೆಯುತ್ತಾರೆ. ನಾನೂ ಹಾಗೆಯೇ ಕರೆಯಬೇಕೆಂದು ಕಾದು ಕುಳಿತಿದ್ದೆ. ಆದರೆ ಗೌಡರು ಮೋಸದ ಮನುಷ್ಯರಲ್ಲ. ಅವರ ಹೆದರಿಕೆ ನಿಜವಾಗಿತ್ತು, ಮತ್ತು ನಿಯಮದ ಕೊನೆಯಲ್ಲಿ ಅವರೇ ತಮ್ಮ ಕೈಯಾರೆ 'ಈ ಸಲಕ್ಕೆ ಮಾತ್ರ' ಎಂದು ಬರೆದಿದ್ದರು.

ನಮ್ಮ ಸಭೆಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಹಿಂದೊಮ್ಮೆ ನಮ್ಮವರು ವಾದ ಮಾಡುತ್ತ ಮಾಡುತ್ತ ಕುಡುಗೋಲು ಎತ್ತಿದ್ದರಂತೆ. ಅಂದಿನಿಂದ ಎದುರುಸೊಲ್ಲು ಬಂತು. ನೀವು ಯಾರನ್ನು ವಿರೋಧಿಸುತ್ತೀರೋ ಅವರ ವಾದವನ್ನು ಮೊದಲು ನೀವೇ ಹೇಳಬೇಕು. ಅವರ ಕೈಯಲ್ಲಿ ಒಣಗಿದ ಹೂಳಿನ ಹೆಂಟೆ ಇರುತ್ತದೆ. ತಮ್ಮ ಮಾತು ಪೂರ್ತಿಯಾಗಿ ಬಂತೆಂದು ಅವರಿಗೆ ಒಪ್ಪಿಗೆಯಾದರೆ ಹೆಂಟೆಯನ್ನು ಒಡೆಯುತ್ತಾರೆ. ಅದು ಒಡೆಯುವವರೆಗೆ ನಿಮ್ಮ ಸ್ವಂತ ಮಾತಿಗೆ ಅವಕಾಶವಿಲ್ಲ. ನಿಮ್ಮ ಕಾಲದ ಸಭೆಗಳಲ್ಲಿ ಇದು ಇರಲಿಲ್ಲವೆಂದು ಕರಪತ್ರಗಳಿಂದ ತಿಳಿದಿದ್ದೇನೆ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನಿಮಗಾಗಿ ಮರುಗಿದ್ದೇನೆ ಕೂಡ.

ನಿಯಮವನ್ನು ವಿರೋಧಿಸಿ ಮಾತಾಡಲು ನಿಂತವಳು ನಾನು. ಪಂಪನಗೌಡರು ಮೊದಲು ಎದ್ದರು. "ಸುಂಕಮ್ಮನ ಮಾತು ಇಷ್ಟು. ಪಕ್ಷ ಕಟ್ಟಿದವರು ಇವರು. ಮನಿ ಸರಿತೈತಿ ಅಂದ್ರ ಮನಸೂ ಸರಿತೈತೇನು? ಹೂಳಿನವರಿಗೆ ಮತ ಇಲ್ಲಂದ್ರ ಹೂಳಿನ ಪಕ್ಷ ಯಾಕ ಬೇಕು? ಇಷ್ಟ ಅಲ್ಲೇನವ್ವ?" ಅಂಗಡಿಯಿಂದ ತರಬೇಕಾದ ಸಾಮಾನು ಹೇಳುವ ಧ್ವನಿಯಲ್ಲಿ ಹೇಳಿದರು. ಆದರೂ ಒಂದು ಮಾತೂ ತಪ್ಪಿರಲಿಲ್ಲ. ನಾನು ಹೆಂಟೆ ಒಡೆದೆ.

ನನ್ನ ಸರದಿ ಬಂತು. "ಹೊರಗಿನವರು ಬಂದು ನಮ್ಮ ಒಳಮತ ಕೆಡಸ್ತಾರ ಅಂತ ಗೌಡ್ರ ಹೆದರಿಕಿ" ಎಂದೆ.

ಗೌಡರು ಹೆಂಟೆಯನ್ನು ಅಂಗೈಯಲ್ಲಿ ಉರುಳಿಸಿದರು. ಒಡೆಯಲಿಲ್ಲ. "ಅಷ್ಟ ಅಲ್ಲವ್ವ. ಇನ್ನೂ ಐತಿ."

ಹಿಂದಿನಿಂದ ಯಾರೋ ಕೂಗಿದರು: "ಸುಂಕೀ, ಅರ್ಧ ರೊಟ್ಟಿ ಬಡಿಸಿ ಕೈ ತೊಳಕಬ್ಯಾಡ! ಪೂರಾ ಬಡಸು!" ಸಭೆಯೆಲ್ಲ ನಕ್ಕಿತು.

ನನಗೆ ರೋಷ ಬಂತು. ಸತ್ಯಕ್ಕೆ ಹೆದರುವವರು ಹೋರಾಟಕ್ಕೆ ನಾಲಾಯಕ್ಕು ಎಂದು ನಲ್ಲಿಯ ಕರಪತ್ರವೊಂದರಲ್ಲಿದೆ. ನಾನು ಪೂರ್ತಿ ಹೇಳಿದೆ. ಹಿಂದೊಂದು ಒಳಮತದ ಬೆಳಿಗ್ಗೆ, ನಾನಿನ್ನೂ ಸಣ್ಣವಳು, ನಮ್ಮ ಮನೆಯ ಮುಂದೆ ದೋಣಿಯೊಂದು ನಿಂತಿತು. ಇಳಿದವರು ಹೂಳಿನವರ ಹಾಗೆಯೇ ಉಟ್ಟಿದ್ದರು, ಆದರೆ ಅವರ ಕಾಲುಗಳು ಶುಭ್ರವಾಗಿದ್ದವು, ಬೆರಳ ಸಂದಿಯಲ್ಲಿ ಮಣ್ಣಿರಲಿಲ್ಲ. ಅವ್ವ ಅವರಿಗೆ ಮಜ್ಜಿಗೆ ಕೊಟ್ಟಳು. ಮತ ಹಾಕುವ ಕಡೆ ಯಾವ ಓಣಿಯವರೆಂದು ಕೇಳಿದರೆ ಏನು ಹೇಳಬೇಕು ಎಂದು ಅವರು ಕೇಳಿದರು. ಅವ್ವ ನಮ್ಮ ಓಣಿಯ ಹೆಸರು ಹೇಳಿಕೊಟ್ಟಳು. ನಾನು ನಮ್ಮ ಮನೆ ಎಳೆಯುವ ಹಾಡು ಕಲಿಸಿಕೊಟ್ಟೆ. ಅವರಲ್ಲೊಬ್ಬ ಚೆನ್ನಾಗಿ ಹಾಡಿದ. ಅವರೆಲ್ಲ ಕೋಟೆ ಪಕ್ಷದವರು. ಅಂಥ ಎಷ್ಟೋ ದೋಣಿಗಳು ಬಂದು, ನಮ್ಮಲ್ಲೇ ಅತ್ಯಂತ ದಡ್ಡನಾದವನನ್ನು ನಮ್ಮ ಹೆಸರಿನಲ್ಲಿ ಆರಿಸಿ ಹೋದವು. ಅವನು ದೊಡ್ಡ ಚುನಾವಣೆಯಲ್ಲಿ ಸೋತ. ಗೆದ್ದ ಅಧ್ಯಕ್ಷರು ಮೇಲಿನ ಕಟ್ಟೆಯ ನೀರನ್ನು ಹೇಳದೆ ಕೇಳದೆ ಬಿಟ್ಟರು. ನಮ್ಮ ಓಣಿಯ ಹದಿನಾಲ್ಕು ಮನೆಗಳು ಎಮ್ಮೆ ಕಟ್ಟುವುದರೊಳಗೆ ಹೋದವು. "ಆ ಮಜ್ಜಿಗಿ ನಮ್ಮವ್ವ ಕೊಟ್ಟಿದ್ದು," ಎಂದೆ. "ನಮ್ಮೊಳಗ ಯಾರು ನಮ್ಮವರು ಅಂತ ನಮಗ ಗೊತ್ತಿಲ್ಲ. ಗೌಡ್ರ ಮಾತು ಅದು."

ಅಂಥ ದೋಣಿ ನಮ್ಮ ಮನೆಯ ಮುಂದೆಯೂ ನಿಂತಿದ್ದ ವಿಷಯ ಗೌಡರಿಗೂ ಗೊತ್ತಿರಲಿಲ್ಲ. ಅವರ ಮುಷ್ಟಿ ತಾನಾಗಿ ಬಿಗಿಯಾಯಿತು. ಹೆಂಟೆ ಎರಡಾಗಿ ಒಡೆಯಲಿಲ್ಲ, ಪುಡಿಯಾಗಿಯೇ ಬೆರಳ ಸಂದಿಯಿಂದ ಸುರಿಯಿತು.

ಆಮೇಲೆ ನನ್ನ ವಾದ ಹೇಳಿದೆ. ಅದಕ್ಕಾಗಿ ಇಡೀ ಚಳಿಗಾಲ ಓದಿದ್ದೆ. ಹಕ್ಕು ಎಂದೆ, ಸಮಾನತೆ ಎಂದೆ. ಯಾರು ನಮ್ಮವರೆಂದು ಓಣಿಯ ಹಿರಿಯರು ಎದುರು ನಿಂತು ಗುರುತಿಸಬಹುದು, ಅದಕ್ಕೆ ವಿಳಾಸ ಬೇಕಿಲ್ಲ ಎಂದೆ. ಒಳ್ಳೆಯ ದಾರಿಯೇ ಅದು, ಈಗಲೂ ಹಾಗೇ ನಂಬಿದ್ದೇನೆ. ಆದರೆ ಸಭೆಯವರ ಕಣ್ಣೆದುರು ಆ ಹದಿನಾಲ್ಕು ಮನೆಗಳೇ ತೇಲುತ್ತಿದ್ದವು. ಸಭೆಯಲ್ಲಿ ಹತ್ತಕ್ಕೆ ಎಂಟು ಜನ ಹೂಳಿನವರು. ನಿಯಮದ ಪರವಾಗಿ ಕೈ ಎತ್ತಿ ಎಂದಾಗ ಎಲ್ಲರಿಗಿಂತ ಮೊದಲು ಎದ್ದ ಕೈ ಗಾದಿಲಿಂಗಮ್ಮನದು. ಅವಳನ್ನು ನೋಡಿ ಉಳಿದವು ಎದ್ದವು.

ಹೊರಗೆ ಬಂದಾಗ ಅವಳ ಸೆರಗು ಹಿಡಿದು ಜಗ್ಗಿದೆ. "ಯಕ್ಕಾ, ನಿನ್ನ ಕುತ್ತಿಗಿ ನೀನ ಕೊಯ್ಕೊಂಡ್ಯಲ್ಲ!"

"ನೀ ಹೇಳಿದ್ದು ಖರೇ ಹೌದಲ್ಲ?"

"ಖರೇ."

"ಮತ್ತ? ಖರೇ ಕೇಳಿದ ಮ್ಯಾಲೂ ಕೈ ಮಡಚಿ ಕುಂದ್ರಲೇನು? ಈ ಸಲಕ್ಕ ಅಷ್ಟ ಅಂದಾರಲ್ಲ, ಬಿಡು." ಹಲಗೆಮೆಟ್ಟು ಕಟ್ಟಿಕೊಳ್ಳುತ್ತ ನಕ್ಕಳು. "ಪಟ್ಟಣದವರೂ ಮನಶ್ಯಾರ ಅದಾರ. ಅವರನ್ನ ಕೇಳ್ತೀನಿ."

ಕೇಳಿದಳು. ಒಳಮತಕ್ಕೆ ನಿಲ್ಲಲು ವಿಳಾಸ ಬೇಡ, ಮತ ಹಾಕಲು ಮಾತ್ರ ಬೇಕು. ಹಾಗಾಗಿ ತನಗೇ ಮತವಿಲ್ಲದ ಗಾದಿಲಿಂಗಮ್ಮ ದಂಡೆಪಟ್ಟಣದ ಕಲ್ಲುಮನೆಗಳ ಬಾಗಿಲು ಬಡಿದಳು. ನಾನೂ ಜೊತೆಗಿದ್ದೆ. ಜನ ಕೂರಿಸಿ ನೀರು ಕೊಟ್ಟರು, ಹೂಳಿನ ಕಲ್ಲಂಗಡಿಯ ರುಚಿ ಹೊಗಳಿದರು. ಒಬ್ಬ ಅಜ್ಜಿ ಅವಳ ಕೈ ಹಿಡಿದು, "ನಿಮ್ಮ ಸಂಕಟ ನನಗ ತಿಳಿತೈತಿ ತಾಯಿ, ಆದ್ರ ನಮ್ಮ ನಲ್ಲ್ಯಾಗ ನೀರು ಬರಬೇಕಲ್ಲ" ಎಂದರು. ಅದರಲ್ಲಿ ಸುಳ್ಳೇನಿತ್ತು? ನಿಮ್ಮ ಮೂರು ಕರಪತ್ರಗಳೂ ಅದನ್ನೇ ಕೇಳುತ್ತವೆ. ಮತದ ದಿನ ಹೂಳಿನವರು ಪಟ್ಟಣದ ಮೈದಾನದ ಹೊರಗೆ ಕುಳಿತು ತಮ್ಮ ಪಕ್ಷದ ಸಾಲನ್ನು ನೋಡಿದರು. ಸಾಲಿನಲ್ಲಿದ್ದ ಹೆಂಗಸರ ಮಕ್ಕಳು ಅಳುತ್ತಿದ್ದರೆ ಗಾದಿಲಿಂಗಮ್ಮ ಎತ್ತಿಕೊಂಡು ಆಡಿಸಿದಳು. ಗೆದ್ದವನು ಕರಿಬಸಯ್ಯ, ಪಟ್ಟಣದವನು. ಗೆದ್ದ ವಾರದಲ್ಲೇ ಕಟ್ಟೆ ಒಡೆಯುವುದೇ ಸರಿ ಎಂದ. ಹೂಳಿನವರಿಗೆ ಗುಡ್ಡದ ಮೇಲೆ ಜಾಗ ಕೊಡುತ್ತಾನಂತೆ. ಗುಡ್ಡದಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲ. ಈಗ ಎರಡು ಪಕ್ಷಗಳ ಅಭ್ಯರ್ಥಿಗಳೂ ಒಂದೇ ಮಾತು ಹೇಳುತ್ತಿದ್ದಾರೆ. ದೊಡ್ಡ ಚುನಾವಣೆಯಲ್ಲಿ ನಮಗೆ ಮತವಿದೆ. ಆದರೆ ಯಾರಿಗೆ ಹಾಕುವುದು?

ಪಂಪನಗೌಡರು ಮಾತು ತಪ್ಪಲಿಲ್ಲ. ಮುಂದಿನ ಸಭೆಯಲ್ಲಿ ತಾವೇ ಎದ್ದು, ಆ ಸಲ ಮುಗಿಯಿತು, ನಿಯಮ ತೆಗೆಯಿರಿ ಎಂದರು. ಆಗ ಪಟ್ಟಣದವರೊಬ್ಬರು ಪಕ್ಷದ ಹಳೆಯ ಕಟ್ಟಳೆಯೊಂದನ್ನು ನೆನಪಿಸಿದರು. ಒಳಮತದ ನಿಯಮ ಬದಲಿಸಲು ಕೈ ಎತ್ತಬೇಕಾದವರು ಒಳಮತದ ಹಕ್ಕಿದ್ದವರು. ಮೊದಲು ಎಲ್ಲರಿಗೂ ಹಕ್ಕಿದ್ದುದರಿಂದ ಆ ಕಟ್ಟಳೆಯನ್ನು ಯಾರೂ ಗಮನಿಸಿರಲಿಲ್ಲ. ನಾವು ಕುಳಿತೇ ಇದ್ದೆವು, ಕೈಗಳು ತೊಡೆಯ ಮೇಲಿದ್ದವು. ಪಟ್ಟಣದವರು ಕೆಟ್ಟ ಮಾತೇನೂ ಆಡಲಿಲ್ಲ. "ಚುನಾವಣಿ ಮುಗೀಲಿ ಗೌಡ್ರ, ಈಗ ಯಾಕ ಗದ್ದಲ? ಆಮ್ಯಾಲ ನೋಡೋಣು" ಎಂದರು. ಆಮೇಲೆ ಕಟ್ಟೆ ಇರುವುದಿಲ್ಲ. ಗೌಡರು ಅಂದು ಸಂಜೆ ನಮ್ಮ ಮನೆಗೆ ಬಂದು, ಹೊಸ್ತಿಲಲ್ಲೇ ಕುಳಿತು, ಅವ್ವ ಕೊಟ್ಟ ಅಂಬಲಿ ಕುಡಿದರು. "ನಾ ಖರೇನ ಈ ಸಲಕ್ಕ ಅಂತ ಬರದಿದ್ದೆ" ಎಂದರು. "ಗೊತ್ತೈತ್ರಿ ಗೌಡ್ರ" ಎಂದಳು ಅವ್ವ.

ನಾನು ಪಶ್ಚಾತ್ತಾಪ ಪಡುತ್ತಿಲ್ಲ. ಇನ್ನೊಮ್ಮೆ ಸಭೆ ಕೂಡಿದರೆ ಆ ದೋಣಿಯ ಕಥೆಯನ್ನು ಇನ್ನೊಮ್ಮೆ ಹೇಳುತ್ತೇನೆ. ಎದುರಾಳಿಯ ಸತ್ಯವನ್ನು ಮುಚ್ಚಿಟ್ಟು ಗೆಲ್ಲುವವರು ಯಾರೆಂದು ನನಗೆ ಗೊತ್ತು, ಅವರು ಶುಭ್ರವಾದ ಕಾಲುಗಳಲ್ಲಿ ದೋಣಿಯಿಂದ ಇಳಿಯುತ್ತಾರೆ. ಆದರೆ ಆ ದಿನ ಇಡೀ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಅದಕ್ಕಾಗಿಯೇ ಈ ಪತ್ರ. ನಿಮ್ಮ ಪಕ್ಷದಲ್ಲೋ ಸಂಘದಲ್ಲೋ ಬೀದಿಯ ಸಮಿತಿಯಲ್ಲೋ ಒಬ್ಬ ಒಳ್ಳೆಯ ಮನುಷ್ಯ ಎದ್ದು, ಸರಿಯಾದ ಕಾರಣ ಕೊಟ್ಟು, ಇಂಥವರಿಗೆ ಈ ಸಲಕ್ಕೆ ಮಾತ್ರ ಮತ ಬೇಡ ಎನ್ನುತ್ತಾನೆ. ಆಗ ನೀವು ಕೇಳಿ: ಇದನ್ನು ತೆಗೆಯುವ ದಿನ ಯಾರ ಕೈಗಳನ್ನು ಎಣಿಸುತ್ತೀರಿ? ಉತ್ತರ ಬರುವವರೆಗೆ ಹೆಂಟೆ ಒಡೆಯಬೇಡಿ. ನೀವು ಕೇಳುತ್ತೀರೆಂಬ ನಂಬಿಕೆ ನನಗಿಲ್ಲ. ಕೇಳಿದ್ದರೆ ನಮ್ಮ ಕಟ್ಟಳೆಗಳು ಬೇರೆ ಥರ ಇರುತ್ತಿದ್ದವು. ಆದರೂ ಬರೆಯದೆ ಇರಲು ಆಗಲಿಲ್ಲ.

ನಿನ್ನೆ ಪಟ್ಟಣದ ಕಾರ್ಯಕರ್ತರು ಬಂದಿದ್ದರು. ಕರಿಬಸಯ್ಯನ ಮೆರವಣಿಗೆಗೆ ಹೂಳಿನವರು ಬೇಕಂತೆ. ಜಾರುಮನೆಗಳ ಚಿತ್ರದ ಬಾವುಟಗಳನ್ನೇ ಮಾಡಿಸಿದ್ದಾರೆ. ಗಾದಿಲಿಂಗಮ್ಮ ಒಂದನ್ನು ತೆಗೆದುಕೊಂಡು, ತಿರುಗಿಸಿ ನೋಡಿ, "ಬಾವುಟ ಹಿಡಿಯಾಕ ವಿಳಾಸ ಬ್ಯಾಡ ನೋಡು ಸುಂಕಿ" ಎಂದಳು. ಆ ಬಟ್ಟೆಯನ್ನು ಹರಿದು ಎಮ್ಮೆಯ ಗಾಯಕ್ಕೆ ಕಟ್ಟಿದಳು. ನನಗೆ ಅವರು ಹಾಳೆಗಳ ಒಂದು ಕಟ್ಟು ಕೊಟ್ಟಿದ್ದಾರೆ. ಒಂದು ಬದಿಯಲ್ಲಿ ಕರಿಬಸಯ್ಯನ ಮುಖ, ಕೆಳಗೆ 'ತಪ್ಪದೆ ಬನ್ನಿ' ಎಂದು ಅಚ್ಚಾಗಿದೆ. ಇನ್ನೊಂದು ಬದಿ ಖಾಲಿ. ಅಲ್ಲಿ ಹೂಳಿನವರನ್ನು ಕರೆಯುವ ನಾಲ್ಕು ಸಾಲು ಬರೆದುಕೊಡು, ನಿನ್ನ ಬರಹದಲ್ಲಿ ಬೆಂಕಿ ಇದೆ ಎಂದರು.

ಆ ಖಾಲಿ ಬದಿಯಲ್ಲಿ ನಿಮಗೆ ಬರೆದಿದ್ದೇನೆ. ನಿಮ್ಮ ಕಾಗದಗಳು ನನಗೆ ಸಿಕ್ಕ ಬಿರುಕಿನಲ್ಲೇ ಇವನ್ನು ತುರುಕುತ್ತೇನೆ. ಅಲ್ಲಿಂದ ಇಲ್ಲಿಗೆ ದಾರಿ ಇತ್ತೆಂದರೆ ಇಲ್ಲಿಂದ ಅಲ್ಲಿಗೂ ಇರಬಹುದು. ಇಲ್ಲದಿದ್ದರೆ ಚುನಾವಣೆ ಮುಗಿದ ಮೇಲೆ ಗೋಡೆಯ ಜೊತೆ ಇವೂ ಹೋಗುತ್ತವೆ. ಗಾದಿಲಿಂಗಮ್ಮ ಹೊರಗೆ ಕಲ್ಲಂಗಡಿ ಬೀಜ ಊರುತ್ತಿದ್ದಾಳೆ. ಅವು ಹಣ್ಣಾಗುವ ಹೊತ್ತಿಗೆ ಈ ನೆಲ ಇರುವುದಿಲ್ಲ ಎಂದು ಅವಳಿಗೆ ನಾನು ಹೇಳಬೇಕಾಗಿಲ್ಲ. ಹಲಗೆಮೆಟ್ಟು ಕಟ್ಟಿಕೊಂಡು ಅವಳ ಜೊತೆ ಕೈ ಜೋಡಿಸಲು ಹೋಗುತ್ತೇನೆ.

ವಿಳಾಸವಿಲ್ಲದ,
ಸುಂಕಮ್ಮ