ಬಲದ ತೋಳು

ಭಾನುವಾರ, ಬೆಳಿಗ್ಗೆ

ನನ್ನ ಗುಂಡಿಗೆ,

ಹೇಗಿದ್ದೀಯೆ ಅಂತ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ. ಚಿಕ್ಕಮ್ಮನ ಮನೆಯಲ್ಲಿ ಮಲಗಲು ಜಾಗ ಸಾಕಾಗುತ್ತದಾ? ನಿದ್ದೆಯಲ್ಲಿ ಒದೆಯುವ ನಿನ್ನ ಅಭ್ಯಾಸ ಇಷ್ಟು ಹೊತ್ತಿಗೆ ಅವರಿಗೂ ಗೊತ್ತಾಗಿರಬೇಕು. ವಿಳಾಸವನ್ನು ನಮ್ಮ ಕಾರ್ಖಾನೆಯಲ್ಲಿದ್ದ ಇಸ್ತ್ರಿ ಅಕ್ಕನ ಮನೆಗೆ ಹೋಗಿ ತೆಗೆದುಕೊಂಡೆ. ಹನ್ನೊಂದು ವಾರ ಆದಮೇಲೆ ಗೆಳತಿ ನೆನಪಾದಳಾ ಅಂತ ಕೇಳಿದಳು. ನಾನು ಚೀಟಿ ಮಡಿಸಿಕೊಂಡು ಬಂದುಬಿಟ್ಟೆ.

ಫೋನ್ ಮಾಡಬಹುದಿತ್ತು. ಆದರೆ ಮಾತಾಡುವಾಗ ಮಧ್ಯದಲ್ಲೇ ಮಾತು ಕೈಕೊಡುತ್ತದೆ. ಕಾಗದದಲ್ಲಾದರೆ ಮೇಲಿನ ಸಾಲಿಗೆ ಹೋಗಿ ಏನು ಬರೆದಿದ್ದೆ ಅಂತ ಓದಿಕೊಳ್ಳಬಹುದು. ಇಷ್ಟು ಬರೆಯುವುದಕ್ಕೆ ಎರಡು ಸಲ ಮಲಗಿ ಎದ್ದಿದ್ದೇನೆ.

ಆ ಜ್ವರ, ಕೆಮ್ಮು ಬಂದು ಹೋಗಿ ಎಂಟು ತಿಂಗಳಾಯಿತು. ಆಸ್ಪತ್ರೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡಿ, ವೈರಸ್ ಇಲ್ಲ, ಗುಣವಾಗಿದೆ ಅಂತ ಚೀಟಿ ಕೊಟ್ಟರು. ಎಕ್ಸ್‌ರೇಯೂ ಚೊಕ್ಕವಾಗಿದೆಯಂತೆ. ಹಾಗಾದರೆ ಎರಡು ಮಹಡಿ ಹತ್ತುವಷ್ಟರಲ್ಲಿ ಎದೆ ಯಾಕೆ ಪೆಡಲಿನ ಮೇಲೆ ಕಾಲಿಟ್ಟು ಮರೆತ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತದೆ ಅಂತ ಕೇಳಿದರೆ, ಚೆನ್ನಾಗಿ ಊಟ ಮಾಡಮ್ಮ ಅಂದರು. ಅಮ್ಮನಿಗೆ ಅಷ್ಟೇ ಸಾಕಾಯಿತು. ಕಾಯಿಲೆ ಹೋಯಿತು, ಸೋಮಾರಿತನವನ್ನು ಇಲ್ಲೇ ಬಿಟ್ಟು ಹೋಯಿತು ಅನ್ನುತ್ತಾಳೆ. ಮೊನ್ನೆ ಬಕೆಟ್ ಎತ್ತಲಾಗದೆ ಬಚ್ಚಲಲ್ಲೇ ಕೂತಿದ್ದೆ. ಬಾಗಿಲಾಚೆ ನಿಂತು, ರಾಣಿಯವರಿಗೆ ಚಾಮರ ಬೀಸಬೇಕಾ ಅಂದಳು. ಆಮೇಲೆ ಅವಳೇ ಬಂದು ತಲೆಗೆ ನೀರು ಹಾಕಿದಳು, ಬೈಯುತ್ತಲೇ.

ಕಾರ್ಖಾನೆಯ ಮೆಟ್ಟಿಲಲ್ಲಿ ಅರ್ಧಕ್ಕೆ ಕೂತು ಚಪ್ಪಲಿ ಪಟ್ಟಿ ಸರಿಮಾಡುವ ನಾಟಕ ಆಡುತ್ತಿದ್ದೆನಲ್ಲ, ಈ ಚಪ್ಪಲಿಗೆ ಬೇರೆ ಕೆಲಸವಿಲ್ಲ, ದಿನಾ ಇದೇ ಮೆಟ್ಟಿಲಲ್ಲಿ ಬಿಚ್ಚಿಕೊಳ್ಳತ್ತೆ ಅಂದಿದ್ದೆ ನೀನು. ಹಾಗೆ ಅನ್ನುತ್ತಲೇ ನೀನೂ ಪಕ್ಕದಲ್ಲಿ ಕೂರುತ್ತಿದ್ದೆ. ನಿನಗೆ ಎಷ್ಟು ಗೊತ್ತಾಗಿತ್ತೋ, ನಾನು ಕೇಳಲಿಲ್ಲ. ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಅದರ ಹೆಸರು ನೆನಪಾಗದೆ ನಿಂತಿದ್ದನ್ನು ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳಲಿ? ಇದೇ ಕಾಯಿಲೆಯಿಂದ ಎದ್ದು ಬಂದ ಇಸ್ತ್ರಿ ಅಕ್ಕ, ನಿಂತು ಕೆಲಸ ಮಾಡಲಾಗುವುದಿಲ್ಲ ಅಂದ ದಿನವೇ ಮಾಸ್ಟರು ಅವಳನ್ನು ಮನೆಗೆ ಕಳಿಸಿದರು. ಮಾರನೇ ದಿನ ನೀನು ಹೇಗಿದ್ದೀಯ ಅಂತ ನನ್ನನ್ನು ಕೇಳಿದರು. ಕಲ್ಲುಗುಂಡಿನ ಹಾಗಿದ್ದೇನೆ ಅಂದೆ.

ಈಗ ಆ ಗುರುವಾರದ ವಿಷಯ. ಡಾಕ್ಟರುಗಳ ಅರವತ್ತು ಕೋಟು. ನೀನು ಬಟ್ಟೆ ಹಾಸುವವಳು, ನಾನು ಕತ್ತರಿಸುವವಳು. ಎಡದ ತೋಳಿಗೆ ಬಟ್ಟೆಯ ಪದರಗಳ ಒಂದು ಅಟ್ಟಿ, ಬಲದ ತೋಳಿಗೆ ಒಂದು ಅಟ್ಟಿ, ಎರಡನ್ನೂ ಹಾಸಿಟ್ಟು ನೀನು ದಾರ ತರಲು ಕೆಳಗೆ ಹೋದೆ. ಮೇಲಿಟ್ಟು ಕತ್ತರಿಸುವ ತೋಳಿನ ಅಳತೆಯ ರಟ್ಟು ಒಂದೇ. ಎಡ ಕತ್ತರಿಸಿ, ರಟ್ಟು ಮಗುಚಿ, ಬಲ ಕತ್ತರಿಸಬೇಕು. ದಿನಾ ಮೇಜಿನ ಆ ತುದಿಯಿಂದ ಮಗುಚು ಅಂತ ನೀನು ಕೂಗುತ್ತಿದ್ದೆ. ಆ ದಿನ ಏನಾಯಿತೋ ನನಗೆ ನೆನಪಿಲ್ಲ. ತಲೆಯಲ್ಲಿ ಹತ್ತಿ ತುಂಬಿದ ಹಾಗಿತ್ತು.

ನಾಲ್ಕು ದಿನ ಕಳೆದು ಹೊಲಿಯುವವಳು ಕೋಟು ಎತ್ತಿ ಹಿಡಿದು, ಈ ಡಾಕ್ಟರಿಗೆ ಎರಡೂ ಎಡಗೈ ಅಂದಳು. ಎಲ್ಲರೂ ನಕ್ಕರು. ಮಾಸ್ಟರು ನಗಲಿಲ್ಲ. ನಾನು ರಟ್ಟು ಮಗುಚದಿದ್ದರೂ ಹೀಗೇ ಆಗುತ್ತದೆ, ಎರಡನೇ ಅಟ್ಟಿಯನ್ನು ನೀನು ಉಲ್ಟಾ ಹಾಸಿದ್ದರೂ ಹೀಗೇ ಆಗುತ್ತದೆ. ನೀನು ಮಗುಚಿದೆಯಾ ಅಂತ ನನ್ನನ್ನು ಕೇಳಿದರು. ನಾನು ಹೌದು ಅಂತ ತಲೆಯಾಡಿಸಿದೆ. ಬಾಯಿ ಬಿಡಲಿಲ್ಲ, ತಲೆಯಾಡಿಸಿದೆ ಅಷ್ಟೇ. ಹಾಗಾದರೆ ತಪ್ಪು ಹಾಸಿದವಳದ್ದು, ನಾಳೆಯಿಂದ ಬರಬೇಡ ಅಂದರು ನಿನಗೆ. ನೀನು ನನ್ನ ಮುಖ ನೋಡಿದೆ. ನನ್ನ ಕೋಪದ ಗುಂಡಿ, ಮಾಸ್ಟರ ಜೊತೆ ಒಂದು ಟೀಗೆ ಜಗಳವಾಡುವವಳು, ನೀನು ಏಪ್ರನ್ ಮಡಿಸಿ ಮೇಜಿನ ಮೇಲಿಟ್ಟು ಇಳಿದುಹೋದೆ.

ಸಂಜೆ

ಮೇಲೆ ನೆನಪಿಲ್ಲ ಅಂತ ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ, ಇರಲಿ, ನೀನೂ ನೋಡು. ಅದು ಸುಳ್ಳು ಕಣೇ. ಬಕೆಟ್ ಎತ್ತಲಾಗದ್ದು ನಿಜ, ಕತ್ತರಿಯ ಹೆಸರು ಮರೆತದ್ದು ನಿಜ. ಇದೊಂದು ಮಾತ್ರ ಚೆನ್ನಾಗಿ ನೆನಪಿದೆ. ಎಡದ ಅಟ್ಟಿ ಮುಗಿಸುವಷ್ಟರಲ್ಲಿ ಉಸಿರು ಸಿಗದೆ ಸ್ಟೂಲಿನ ಮೇಲೆ ಕೂತೆ. ಎದ್ದಾಗ ಮುಂದೇನು ಅಂತ ತೋಚಲಿಲ್ಲ. ರಟ್ಟು ಇದ್ದ ಹಾಗೇ ಎತ್ತಿ ಇನ್ನೊಂದು ಅಟ್ಟಿಯ ಮೇಲಿಟ್ಟೆ. ಅಷ್ಟರವರೆಗೆ ಕಾಯಿಲೆಯ ತಪ್ಪು. ಕತ್ತರಿಸುವ ಮಿಷನ್ ಅರ್ಧ ತೋಳು ದಾಟಿದಾಗ, ಮಗುಚಲಿಲ್ಲವಲ್ಲ ಅಂತ ಹೊಳೆಯಿತು. ಆಗ ನಿಲ್ಲಿಸಿದ್ದರೆ ಯಾಕೆ ನಿಲ್ಲಿಸಿದೆ ಅಂತ ಮಾಸ್ಟರು ಕೇಳುತ್ತಿದ್ದರು. ಅದಕ್ಕೇ ಪೂರ್ತಿ ಕತ್ತರಿಸಿದೆ. ಆಮೇಲೆ ತಲೆಯಾಡಿಸಿದೆ. ಅವೆರಡೂ ಜ್ವರ ಮಾಡಿಸಿದ್ದಲ್ಲ.

ನಾಳೆ ಮಾಸ್ಟರಿಗೆ ಹೇಳುತ್ತೇನೆ. ಈ ಕಾಗದವನ್ನು ಅದಕ್ಕೆ ಮುಂಚೆ ಡಬ್ಬಿಗೆ ಹಾಕುವುದಿಲ್ಲ. ಹಾಕಿಬಿಟ್ಟರೆ ನಿನಗೆ ಹೇಳಿಯಾಯಿತಲ್ಲ ಅಂತ ಅಲ್ಲಿಗೇ ಸುಮ್ಮನಾಗಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಹೇಳಬೇಕು ಅನ್ನಿಸಿದರೆ ಮಾತ್ರ.

ನಿನ್ನ
ಇಲಿಮರಿ

ಮತ್ತೆ, ಸೋಮವಾರ ಸಂಜೆ: ಹೇಳಿದೆ. ಇಷ್ಟು ದಿನ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದೆಯಾ ಅಂದರು ಮಾಸ್ಟರು. ನಿನಗೆ ಬರಲು ಹೇಳಿ ಕಳಿಸುತ್ತಾರಂತೆ. ನನ್ನ ವಿಷಯ ನಾಳೆ ಹೇಳುತ್ತಾರಂತೆ. ಆ ಆರ್ಡರು ಕೈತಪ್ಪಿದ ಮೇಲೆ ತೋಳಿನ ರಟ್ಟನ್ನು ಯಾರೂ ಮುಟ್ಟಿರಲಿಲ್ಲ, ಮೊಳೆಯಲ್ಲೇ ನೇತಾಡುತ್ತಿತ್ತು. ತಪ್ಪು ಹೇಗಾಯಿತು ತೋರಿಸು ಅಂದರು. ತೆಗೆದು ಮೇಜಿನ ಮೇಲಿಟ್ಟು ಮಗುಚಿದೆ. ಹಿಂದೆ ಪೆನ್ನಿನಲ್ಲಿ ನಿನ್ನ ಅಕ್ಷರ: "ಇದು ಬಲ. ನೆನಪಾಯಿತಾ ಇಲಿಮರಿ? ಕತ್ತರಿಸಿ ಆದಮೇಲೆ ಕೂತು ಉಸಿರಾಡು, ನಾನು ದಾರ ತರುತ್ತೇನೆ." ಆ ಗುರುವಾರ ಮಗುಚಿದ್ದರೆ ಆಗಲೇ ಓದಿರುತ್ತಿದ್ದೆ. ಮಾಸ್ಟರು ಕೇಳಿದ ದಿನ ನೀನು ಇದನ್ನೊಂದು ಮಗುಚಿ ತೋರಿಸಿದ್ದರೆ ನನ್ನ ಉಸಿರಿನ ಗುಟ್ಟು ಬಯಲಾಗಿ ನೀನು ಉಳಿಯುತ್ತಿದ್ದೆ, ನಾನು ಹೋಗುತ್ತಿದ್ದೆ. ರಟ್ಟು ನಿನ್ನ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು, ಅಲ್ಲವಾ?