ಗೇಟಿಗೆ ಅಂಟಿಸಿದ ಕಾಗದ

ಹುಬ್ಬಳ್ಳಿ, ಫೆಬ್ರವರಿ 30, 2141

ತಿಪ್ಪಣ್ಣಜ್ಜನವರಿಗೆ, ನಿಮ್ಮ ಐದನೆಯ ತಲೆಮಾರಿನ ಶಿವಗಂಗಾಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಯಾವ ತಿಂಗಳಿಗೂ ಮೂವತ್ತಕ್ಕಿಂತ ಕಡಿಮೆ ದಿನಗಳಿಲ್ಲ. ನೀವು ಕೇಳಿರದ ಪದಗಳು ನಡುವೆ ಬಂದರೆ ಮನ್ನಿಸಿ.

ನೀವು ಮೊಮ್ಮಗಳ ಮೊಬೈಲಿನಲ್ಲಿ ಹೇಳಿ ಮುದ್ರಿಸಿಟ್ಟ ಮಾತು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಕಳೆದ ತಿಂಗಳಷ್ಟೇ ಅದನ್ನು ಪೂರ್ತಿ ಕೇಳಿದೆ. ಅಂದು ಬೆಳಿಗ್ಗೆ ನೀವೆಲ್ಲ ಪಾಳಿಗೆ ಹೋದಾಗ ಮಿಲ್ಲಿನ ಗೇಟಿಗೆ ಬೀಗ ಬಿದ್ದಿತ್ತು, ಪಕ್ಕದಲ್ಲಿ ಒಂದು ಕಾಗದ ಅಂಟಿಸಿದ್ದರು. ಮುಂದೆ ನಿಂತಿದ್ದವರಲ್ಲಿ ಓದಲು ಬರುತ್ತಿದ್ದುದು ನಿಮಗೊಬ್ಬರಿಗೇ. ನೀವು ಗಟ್ಟಿಯಾಗಿ ಓದಿದಿರಿ: ಮಿಲ್ಲು ಇಂದಿನಿಂದ ಮುಚ್ಚಿದೆ. ಇಪ್ಪತ್ತು ವರ್ಷ ನಿಮ್ಮ ಜೊತೆ ನೂಲು ಸುತ್ತಿದ್ದ ಫಕ್ಕೀರವ್ವ ನಿಮ್ಮ ತೋಳು ಹಿಡಿದು, "ಇನ್ನೊಮ್ಮಿ ಓದೋ ತಿಪ್ಪಣ್ಣಾ, ನೀ ಎಲ್ಲೋ ತಪ್ಪ ಓದೀದಿ" ಎಂದಳು.

"ಮೂರು ಸಲ ಓದಿದ್ನಿ. ಮೂರು ಸಲಾನೂ ಅದ ಇತ್ತು," ಎನ್ನುತ್ತೀರಿ ನೀವು.

ಫಕ್ಕೀರವ್ವ ಊದಿನಕಡ್ಡಿ ಹೊಸೆಯಲು ಹೋದಳು, ಎರಡು ವರ್ಷಕ್ಕೆ ತೀರಿಕೊಂಡಳು. ನೀವು ಕೈಗಾಡಿಯಲ್ಲಿ ತರಕಾರಿ ಮಾರಿದಿರಿ. ಯಾರಾದರೂ ಲಗ್ನಪತ್ರಿಕೆ ಓದಿಸಲು ಬಂದರೆ, "ಚಾಳೀಸ ಮನ್ಯಾಗ ಬಿಟ್ಟ್ ಬಂದೀನಿ" ಎಂದು ಕನ್ನಡಕದ ಸುಳ್ಳು ನೆಪ ಹೇಳುತ್ತಿದ್ದಿರಂತೆ. ಗೇಟಿನಲ್ಲಿ ಓದಿದ ಆ ಸುದ್ದಿ ನಿಮ್ಮದಾಗಿರಲಿಲ್ಲ ಅಜ್ಜ. ಬರೆದವನು ಬೇರೆ ಯಾರೋ. ಅವನು ಆ ಬೀದಿಗೆ ಬರಲೇ ಇಲ್ಲ.

ಅವನು ಎಂಥವನು ಎಂದು ನನಗೆ ಗೊತ್ತು. ಏಕೆಂದರೆ ನಾನೂ ಅಂಥವಳೇ.

ಈಗ ನೂಲನ್ನು ತೊಟ್ಟಿಗಳಲ್ಲಿ, ಪಾಚಿಯಿಂದ ಬೆಳೆಸುತ್ತೇವೆ. ನಾನು ನೋಡಿಕೊಳ್ಳುತ್ತಿದ್ದ ನೂಲುತೊಟ್ಟಿಗಳನ್ನು ಹೋದ ವರ್ಷ ಮುಚ್ಚಿದರು. ಮುನ್ನೂರು ಜನರಿಗೆ ಅದನ್ನು ತಿಳಿಸುವ ನಾಲ್ಕು ಸಾಲು ಬರೆದವಳು ನಾನು. ಓದಿದ್ದು ಸಾರುದನಿ, ಅಂದರೆ ಗೇಟಿನಲ್ಲಿ ಕೂತು ಪ್ರಕಟಣೆ ಹೇಳುವ ಯಂತ್ರ. ಕೆಂಚಪ್ಪ ಎಂಬ ಹಿರಿಯ ಕೆಲಸಗಾರ ಅದರ ಮುಂದೆ ನಿಂತು, "ಇದನ್ನ ಬರದವ್ರು ಯಾರು? ಅವ್ರನ್ನ ಕರೀರಿ" ಎಂದ. ಯಂತ್ರ ಮತ್ತೆ ಮೊದಲಿನಿಂದ ಓದಿತು. ನಾನು ಮಾಳಿಗೆಯ ಗಾಜಿನ ಹಿಂದೆ ನಿಂತು ನೋಡುತ್ತಿದ್ದೆ. ಇಳಿದು ಬರಲಿಲ್ಲ.

ನಿಮ್ಮ ದನಿ ಕೇಳಿದ ಮರುದಿನ ಕೆಂಚಪ್ಪನ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ಹೇಳಿದೆ, ಬರೆದವಳು ನಾನೆಂದು. ಅವನು ಬಾಗಿಲನ್ನು ಪೂರ್ತಿ ತೆರೆದ.

"ಒಳಗ ಬರ್ರಿ ಅಕ್ಕಾರ. ಚಾ ಕುಡೀರಿ. ಆದ್ರ ತಪ್ಪಾತು ಅಂತ ಮಾತ್ರ ಅನಬ್ಯಾಡ್ರಿ. ನೀವು ಹಂಗಂದ್ರ ನಾ 'ಇರ್ಲಿ ಬಿಡ್ರಿ' ಅನಬೇಕಾಗ್ತದ. ನನಗ ಹಂಗ ಅನ್ಲಿಕ್ಕ ಮನಸಿಲ್ಲ."

ಚಹಾ ಕುಡಿದು ಎದ್ದು ಬಂದೆ.

ಅಜ್ಜ, ನಿಮ್ಮ ಕಾಲದಲ್ಲಿ ಇನ್ನೂ ಎಷ್ಟೋ ಗೇಟುಗಳು ಮುಚ್ಚಲಿವೆ. ಅಂಥ ಕಾಗದ ಬರೆಯುವವರು ಯಾರಾದರೂ ನಿಮಗೆ ಸಿಕ್ಕರೆ, ಮೆಟ್ಟಿಲಿಳಿದು ಬಂದು ಅವರೇ ಹೇಳಲಿ ಎನ್ನಿ. ಜನ ಬೈದಾರು, ಅತ್ತಾರು. ಎದುರಿಗೆ ನಿಂತು ಕೇಳಿಸಿಕೊಳ್ಳಲಿ. ಆ ದಿನ ತಪ್ಪಿಸಿಕೊಂಡವರಿಗೆ ಆಮೇಲೆ ಹೋಗಿ ಕ್ಷಮೆ ಕೇಳುವ ದಾರಿಯೂ ಇರುವುದಿಲ್ಲ.

ನಿಮ್ಮ,
ಶಿವಗಂಗಾ